ಮಾರಿಮೊ ಉಂಡೆ ಬಣ್ಣ ಕೆಟ್ಟರೆ: ಮಲೆನಾಡಿನ ಮನೆಗಳಿಗೆ ಒಂದು ದೋಷ ನಿವಾರಣೆ ಕೈಪಿಡಿ

"ಉಂಡೆ ಕಂದು ಬಣ್ಣಕ್ಕೆ ತಿರುಗಿದೆ, ಏನು ಹಾಕಲಿ?" ಮಾರಿಮೊ ಅಂದರೆ ಬಾಟಲಿಯ ನೀರಿನಲ್ಲಿ ಸಾಕುವ ಹಸಿರು ಪಾಚಿಯ ಉಂಡೆ. ಅದನ್ನು ಸಾಕುವ ನೆಂಟರು, ಗೆಳತಿಯರು ನನ್ನನ್ನು ಕೇಳುವುದು ಹೆಚ್ಚಾಗಿ ಇದನ್ನೇ. ಏನೂ ಹಾಕಬೇಡಿ ಅಂತಲೇ ನಾನು ಮೊದಲು ಹೇಳುತ್ತೇನೆ. ಕೆಟ್ಟಿರುವುದು ಬಹಳ ಸಲ ಉಂಡೆ ಅಲ್ಲ. ನೀರು ಕೆಟ್ಟಿರುತ್ತದೆ, ಇಲ್ಲವೇ ಆ ನೀರು ತಂದ ಬಕೆಟ್ಟು ಸರಿ ಇರುವುದಿಲ್ಲ, ಅದೂ ಇಲ್ಲದಿದ್ದರೆ ಬಾಟಲಿ ಇಟ್ಟ ಜಾಗ. ಅದನ್ನು ಹುಡುಕದೆ ಮದ್ದು ಮಾಡಲು ಹೋದರೆ ಇರುವ ಉಂಡೆಯೂ ಹೋಗುತ್ತದೆ. ನನ್ನ ಒಂದು ಉಂಡೆ ಹೋಗಿದ್ದು ಹಾಗೆಯೇ. ಅದನ್ನು ಮುಂದೆ ಹೇಳುತ್ತೇನೆ.

ಶಿವಮೊಗ್ಗದ ಬಾಡಿಗೆ ಮನೆಯಲ್ಲಿ ನಾಲ್ಕು ವರ್ಷದಿಂದ ಇವನ್ನು ಸಾಕುತ್ತಿದ್ದೇನೆ. ಇಲ್ಲಿ ಬರೆದಿರುವುದು ನಮ್ಮ ಕಡೆಯ ನೀರು, ನಮ್ಮ ಬೇಸಿಗೆ, ನಮ್ಮ ಮಳೆಗಾಲದಲ್ಲಿ ಕಂಡದ್ದು.

ಇದು ಏನು ಅನ್ನುವುದು ಗೊತ್ತಿದ್ದರೆ ದೋಷ ಹುಡುಕುವುದು ಸುಲಭ. ಅಂಗಡಿಯವರು ಮಾಸ್ ಬಾಲ್ ಅನ್ನುತ್ತಾರೆ, ಆದರೆ ಇದು ಗೋಡೆ ಮೇಲೆ ಬೆಳೆಯುವ ಹಾಸುಪಾಚಿಯ ಜಾತಿ ಅಲ್ಲ. ಕೆರೆ ಮೆಟ್ಟಿಲ ಮೇಲೆ ನೂಲು ನೂಲಾಗಿ ಬೆಳೆಯುತ್ತದಲ್ಲ, ಅಂಥ ನೀರು ಪಾಚಿ. ಶಾಸ್ತ್ರದ ಹೆಸರು ಎಗಗ್ರೋಪಿಲಾ ಲಿನ್ನೈ. ಬೇರಿಲ್ಲ, ಎಲೆಯಿಲ್ಲ, ನಡುವೆ ಗಟ್ಟಿ ಬೀಜವೂ ಇಲ್ಲ. ನೂಲೆಲ್ಲ ಒಂದಕ್ಕೊಂದು ಹೆಣೆದುಕೊಂಡು ಉಂಡೆಯಾಗಿರುತ್ತದೆ, ಅಷ್ಟೇ. ಜಪಾನಿನ ಹೊಕ್ಕೈಡೊ ದ್ವೀಪದ ಅಕಾನ್ ಸರೋವರದ ಉಂಡೆಗಳು ಹೆಸರಾದವು. 1921ರಲ್ಲೇ ಜಪಾನ್ ಅವನ್ನು ರಕ್ಷಿತ ನೈಸರ್ಗಿಕ ಸ್ಮಾರಕ ಅಂತ ಘೋಷಿಸಿತು. ಅಲ್ಲಿ ಗಾಳಿಗೆ ಏಳುವ ಅಲೆ ಉಂಡೆಯನ್ನು ಹೊರಳಿಸುತ್ತಾ ಇರುತ್ತದೆ, ಅದಕ್ಕೇ ದುಂಡಗೆ ಬೆಳೆಯುತ್ತದೆ. ಚಳಿಗಾಲದಲ್ಲಿ ಆ ಸರೋವರದ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಅಂದರೆ ಇದು ತಣ್ಣೀರಿನ ಜೀವ. ಇದೊಂದನ್ನು ನೆನಪಿಟ್ಟುಕೊಂಡರೆ ನಮ್ಮ ಊರಿನಲ್ಲಿ ಬರುವ ಅರ್ಧ ತೊಂದರೆ ತಾನಾಗಿ ಅರ್ಥವಾಗುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ಸಾಗರದ ಮಾರಿಕಾಂಬೆ ಜಾತ್ರೆ ನೋಡಿ ಬೆಳೆದ ನಮಗೆ ಮಾರಿ ಅಂದರೆ ಅಮ್ಮನೇ. ಜಪಾನಿ ಭಾಷೆಯಲ್ಲಿ ಮಾರಿ ಅಂದರೆ ಚೆಂಡು, ಮೊ ಅಂದರೆ ನೀರಿನ ಸೊಪ್ಪು. ನಮ್ಮಮ್ಮ ಮಾತ್ರ ಇವತ್ತಿಗೂ ಪಾಚಿ ಉಂಡೆ ಅಂತಲೇ ಕರೆಯುವುದು. "ಅಂಗಳದ ಪಾಚಿ ಕೆರೆದೂ ಕೆರೆದೂ ನನ್ನ ಸೊಂಟ ಬಿತ್ತು, ನೀ ಎಂತಕ್ಕೆ ಪಾಚಿ ಸಾಕ್ತಿ ಮಾರಾಯ್ತಿ?" ಅಂತ ಮೊದಲ ದಿನ ಕೇಳಿದ್ದರು. ಈಗ ನಾನು ಊರಿಗೆ ಹೋದಾಗ ಬಾಟಲಿಯ ನೀರು ಬದಲಿಸುವುದು ಅವರೇ.

ಮೊದಲು ಮಾಡಬೇಕಾದ ಪರೀಕ್ಷೆ

ಒಂದು ಬಿಳಿ ಬಟ್ಟಲು ತೆಗೆದುಕೊಳ್ಳಿ. ಉಂಡೆ ಈಗ ಇರುವ ನೀರನ್ನೇ ಅದಕ್ಕೆ ಸ್ವಲ್ಪ ಹಾಕಿ, ಉಂಡೆಯನ್ನು ಅದರೊಳಗೇ ಮೆಲ್ಲಗೆ ಹಿಸುಕಿ ಬಿಡಿ. ಇಡ್ಲಿ ಹಿಟ್ಟಿನ ಬಟ್ಟೆ ಹಿಂಡುವ ಹಾಗೆ ಅಲ್ಲ, ಬೆಂದ ಮೊಟ್ಟೆ ಹಿಡಿದ ಹಾಗೆ. ಈಗ ಮೂರು ವಿಷಯ ನೋಡಿ. ಬಿಟ್ಟ ಕೂಡಲೇ ಉಬ್ಬಿ ಮೊದಲಿನ ಆಕಾರಕ್ಕೆ ಬರುತ್ತದೆಯೇ? ಬಟ್ಟಲಿನ ನೀರು ಯಾವ ಬಣ್ಣಕ್ಕೆ ಬಂತು? ಮೂಗಿನ ಹತ್ತಿರ ತಂದರೆ ಏನು ವಾಸನೆ?

ಉಬ್ಬಿ ಬಂದರೆ, ಕೆರೆಯ ಹಸಿ ವಾಸನೆ ಬಿಟ್ಟು ಬೇರೆ ಏನೂ ಇಲ್ಲದಿದ್ದರೆ, ಉಂಡೆ ಬದುಕಿದೆ. ಗಾಬರಿ ಬೇಡ. ಕಂದು ಬಣ್ಣ ಬಟ್ಟಲಿಗೆ ಇಳಿದು ಉಂಡೆ ಹಸಿರಾಗಿ ಕಂಡರೆ ಅದು ಬರೀ ಕೊಳೆ. ಕಂದು ಇಳಿಯದೆ ನೂಲಿನಲ್ಲೇ ಉಳಿದರೆ ಆ ಭಾಗ ಸೊರಗಿದೆ. ಕೈಗೆ ಲೋಳೆ ಹತ್ತಿ, ನೂಲು ಕಿತ್ತು ಕಿತ್ತು ಬಂದು, ಕೊಳೆತ ಎಲೆಯ ವಾಸನೆ ಬಂದರೆ ಒಳಗೆ ಸಾಯುತ್ತಿದೆ. ಈ ಮೂರಕ್ಕೆ ಮೂರು ದಾರಿ. ಒಂದರ ಮದ್ದನ್ನು ಇನ್ನೊಂದಕ್ಕೆ ಮಾಡಬಾರದು.

ಇಳಿದು ಹೋಗುವ ಕಂದು

ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಇದು ಜಾಸ್ತಿ. ನಮ್ಮ ಕಡೆ ಕೆಂಪು ಕಲ್ಲು, ಕೆಂಪು ಮಣ್ಣು. ಎಷ್ಟೋ ಬೋರಿನ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಹಿಡಿದಾಗ ತಿಳಿಯಾಗಿ ಕಾಣುವ ನೀರು ಒಂದು ರಾತ್ರಿ ಇಟ್ಟರೆ ಅಡಿಯಲ್ಲಿ ತುಕ್ಕಿನ ಹುಡಿ ಬಿಡುತ್ತದೆ. ಅದೇ ಹುಡಿ ಉಂಡೆಯ ನೂಲಿಗೂ ಅಂಟಿಕೊಂಡು ಬೆಳಕು ಒಳಗೆ ಹೋಗದಂತೆ ಮಾಡುತ್ತದೆ. ಪರಿಹಾರ ಸುಲಭ. ನೀರನ್ನು ಒಂದು ದಿನ ಸ್ಟೀಲ್ ಪಾತ್ರೆಯಲ್ಲಿ ಇಟ್ಟು, ಅಡಿಯದನ್ನು ಕಲಕದೆ ಮೇಲಿನ ತಿಳಿಯನ್ನು ಮಾತ್ರ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಕೆಂಪು ನೀರಿಗೆ ಪಟಿಕ ತಿರುಗಿಸುವ ರೂಢಿ ಇದ್ದರೆ, ಆ ನೀರು ಉಂಡೆಗೆ ಬೇಡ. ಪಟಿಕ ಎಳೆದ ಕೆಸರು ನೂಲಿನ ನಡುವೆ ಕೂರುತ್ತದೆ.

ನೂಲಿನಲ್ಲೇ ಉಳಿದ ಕಂದು

ಇದು ಮಾರ್ಚ್‌ನಿಂದ ಮೇ ವರೆಗಿನ ಕಾಯಿಲೆ. ಶಿವಮೊಗ್ಗ ಪೇಟೆಯಲ್ಲಿ ಏಪ್ರಿಲ್ ಮಧ್ಯಾಹ್ನ 36–37 ಡಿಗ್ರಿ ಅಪರೂಪವೇನಲ್ಲ. ಬಾಟಲಿಯಲ್ಲಿರುವ ಒಂದು ಲೀಟರ್ ನೀರು ಕೋಣೆಯ ಬಿಸಿಗೆ ಬೇಗ ಬಂದುಬಿಡುತ್ತದೆ. ಮಾರಿಮೊಗೆ 25 ಡಿಗ್ರಿಯ ಕೆಳಗಿನ ನೀರು ಒಳ್ಳೆಯದು. 30 ದಾಟಿದ ನೀರಿನಲ್ಲಿ ವಾರಗಟ್ಟಲೆ ಇದ್ದರೆ ಸೊರಗುತ್ತದೆ. ಮೊದಲು ಮಂಕಾಗುತ್ತದೆ, ಆಮೇಲೆ ಅಲ್ಲಲ್ಲಿ ಕಂದು ಮಚ್ಚೆ.

ನನ್ನ ಎರಡನೇ ಬೇಸಿಗೆಯಲ್ಲಿ ಮೂರೂ ಉಂಡೆಗೆ ಮಚ್ಚೆ ಬಂತು. ಬೆಳಕು ಸಾಲದೆ ಹೀಗಾಗಿದೆ ಅಂದುಕೊಂಡು ಕಿಟಕಿಗೆ ಇನ್ನೂ ಹತ್ತಿರ ಇಟ್ಟೆ. ಮಚ್ಚೆ ಇನ್ನೂ ಹರಡಿತು. ಕೊನೆಗೆ ಮಧ್ಯಾಹ್ನ ಮೂರು ಗಂಟೆಗೆ ಜ್ವರದ ಥರ್ಮಾಮೀಟರ್ ಅಲ್ಲ, ಮೀನಿನ ತೊಟ್ಟಿಗೆ ಹಾಕುವ ಸಣ್ಣ ಥರ್ಮಾಮೀಟರ್ ಇಳಿಸಿ ನೋಡಿದೆ. 33 ಇತ್ತು. ಬೆಳಿಗ್ಗೆ ಅದೇ ನೀರು 27. ಬೆಳಿಗ್ಗೆ ಮುಟ್ಟಿ ನೋಡಿ ತಣ್ಣಗಿದೆ ಅಂತ ನಂಬಿದ್ದೆ. ಹಾಗಾಗಿ ನೀರಿನ ಬಿಸಿ ನೋಡುವುದಾದರೆ ಮಧ್ಯಾಹ್ನ ನೋಡಿ.

ತಂಪು ಮಾಡಲು ನಾನು ಮಾಡುವುದು ಹಳೆಯ ಮಡಕೆ ನೀರಿನ ಉಪಾಯ. ಅಗಲ ಬಾಯಿಯ ಮಣ್ಣಿನ ಪಾತ್ರೆಗೆ ಮರಳು ತುಂಬಿ, ಮರಳನ್ನು ಒದ್ದೆ ಮಾಡಿ, ಬಾಟಲಿಯನ್ನು ಅರ್ಧದವರೆಗೆ ಅದರಲ್ಲಿ ಹೂಳುತ್ತೇನೆ. ಮೇಲಿನ ಅರ್ಧಕ್ಕೆ ಒದ್ದೆ ಪಂಚೆ ತುಂಡು ಸುತ್ತುತ್ತೇನೆ. ಗಾಳಿ ಆಡುವ ನೆರಳಿನಲ್ಲಿ ಇಡುತ್ತೇನೆ. ನನ್ನ ಮನೆಯಲ್ಲಿ ಇದರಿಂದ ಮೂರು ನಾಲ್ಕು ಡಿಗ್ರಿ ಇಳಿಯುತ್ತದೆ. ಸೆಕೆ ತೀರಾ ಹೆಚ್ಚಾದ ದಿನಗಳಲ್ಲಿ ಬಾಟಲಿಯನ್ನು ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ, ತರಕಾರಿ ಇಡುವ ಕಡೆ ಇಟ್ಟರೂ ಆಗುತ್ತದೆ. ಎರಡು ಮೂರು ದಿನ ಕತ್ತಲಲ್ಲಿ ಇದ್ದರೆ ಏನೂ ಆಗುವುದಿಲ್ಲ. ಬಿಸಿ ನೀರಿಗೆ ನೇರವಾಗಿ ಐಸ್ ಹಾಕುವುದು ಬೇಡ.

ಮಚ್ಚೆ ಬಂದ ನೂಲು ಮತ್ತೆ ಹಸಿರಾಗಲು ತಿಂಗಳು ಬೇಕು. ಕೆಲವು ಆಗುವುದೇ ಇಲ್ಲ. ಆದರೆ ಪಕ್ಕದ ನೂಲು ಬೆಳೆದು ಅದನ್ನು ಮುಚ್ಚುತ್ತದೆ. ಉಂಡೆ ವರ್ಷಕ್ಕೆ ಬೆಳೆಯುವುದೇ ಸುಮಾರು 5 ಮಿಲಿಮೀಟರ್. ಇಲ್ಲಿ ಆತುರಕ್ಕೆ ಜಾಗವಿಲ್ಲ.

ಮಳೆಗಾಲದ ಕಂದು ಬೇರೆ. ಜೂನ್ ಬಂತೆಂದರೆ ಆಗುಂಬೆ, ಹೊಸನಗರ ಕಡೆ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ತಗ್ಗು ಮಾಡಿನ ಮನೆಗಳ ನಡುಮನೆಯಲ್ಲಿ ಹಗಲೂ ದೀಪ ಹಾಕಬೇಕು. ಮಾರಿಮೊಗೆ ಕಡಿಮೆ ಬೆಳಕು ಸಾಕು ಅನ್ನುವುದು ನಿಜ, ಆದರೆ ಮೂರು ತಿಂಗಳ ಕತ್ತಲೆ ಸಾಕಾಗುವುದಿಲ್ಲ. ನೀರು ತಣ್ಣಗಿದ್ದೂ ಉಂಡೆ ಮೇಲೆ ಕೆಳಗೆ ಎಲ್ಲ ಕಡೆ ಒಂದೇ ಸಮ ಮಂಕಾದರೆ ಬೆಳಕಿನ ಕೊರತೆ ಅಂತ ತಿಳಿಯಿರಿ. ಓದುವ ಟೇಬಲ್ಲಿನ ಎಲ್‌ಇಡಿ ದೀಪದ ಪಕ್ಕ ದಿನಕ್ಕೆ ಆರೇಳು ಗಂಟೆ ಇಟ್ಟರೆ ಸಾಕು.

ವಾಸನೆಯಿಲ್ಲದೆ, ನೀರು ತಿಳಿಯಾಗಿದ್ದೂ, ಎಲ್ಲ ಉಂಡೆ ಒಟ್ಟಿಗೆ ಕೆಟ್ಟರೆ

ದಯವಿಟ್ಟು ಇದನ್ನು ಪೂರ್ತಿ ಓದಿ. ಅಡಿಕೆ ತೋಟ ಇರುವ ಮನೆಯವರು ಮುಖ್ಯವಾಗಿ.

ಎರಡು ವರ್ಷದ ಹಿಂದೆ ಆಗಸ್ಟ್‌ನಲ್ಲಿ ಹದಿನೈದು ದಿನಕ್ಕೆ ತವರಿಗೆ ಹೋದೆ. ತೀರ್ಥಹಳ್ಳಿಯಿಂದ ಸ್ವಲ್ಪ ದೂರ. ಬಾಟಲಿಯನ್ನೂ ಜೊತೆಗೆ ಒಯ್ದಿದ್ದೆ. ನಮ್ಮ ಬಾವಿ ನೀರೆಂದರೆ ನನಗೆ ಅಷ್ಟು ನಂಬಿಕೆ. ತಣ್ಣಗೆ, ತಿಳಿಯಾಗಿ, ಸಾಬೂನು ಮುಟ್ಟಿದರೆ ನೊರೆ. ಹೋದ ದಿನವೇ ನೀರು ಬದಲಿಸಿದೆ. ನಾಲ್ಕನೇ ದಿನ ಮೂರೂ ಉಂಡೆಯ ಬಣ್ಣ ಇಳಿದಿತ್ತು. ಬಿಸಿಲಿನ ಬಿಳುಪಲ್ಲ, ಸೆಕೆಯ ಕಂದೂ ಅಲ್ಲ. ಹಳೆಯ ಬಟ್ಟೆಯ ಹಾಗೆ ಬೂದು ಹಸಿರು. ವಾಸನೆ ಇಲ್ಲ. ನೀರು ಸ್ಫಟಿಕದ ಹಾಗಿತ್ತು. ನೀರಿನ ಬಿಸಿ ನೋಡಿದೆ, 24. ಕಿಟಕಿ ಪಕ್ಕ ಬೆಳಕೂ ಇತ್ತು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿರಲಿಲ್ಲ. ಏನೂ ತಿಳಿಯದೆ ಮತ್ತೆ ನೀರು ಬದಲಿಸಿದೆ. ಇನ್ನೂ ಕೆಟ್ಟಿತು. ಬಾಟಲಿಯ ಗಾಜಿಗೆ ಅಂಟಿಕೊಂಡಿದ್ದ ಎರಡು ಸಣ್ಣ ಬಸವನಹುಳ ಅಷ್ಟರಲ್ಲಿ ಸತ್ತಿದ್ದವು. ಅದನ್ನು ನಾನು ಗಮನಿಸಬೇಕಿತ್ತು.

ಏಳನೇ ದಿನ ನೀರು ತರಲು ಬಚ್ಚಲ ಹತ್ತಿರದ ಬಕೆಟ್ಟು ಎತ್ತಿದಾಗ ಅದರ ತಳದ ಅಂಚಿನಲ್ಲಿ ತಿಳಿ ನೀಲಿ ಗೆರೆ ಕಾಣಿಸಿತು. ಅಣ್ಣನನ್ನು ಕೇಳಿದೆ. "ಅದ್ರಲ್ಲೇ ಅಲ್ಲನೇ ಮೈಲುತುತ್ತ ಕರಗ್ಸಿದ್ದು, ಕೊಳೆಗೆ ಔಷಧಿ ಹೊಡೆಯೋಕೆ" ಅಂದ.

ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ನಮ್ಮ ಕಡೆ ಪ್ರತಿ ಮನೆಗೂ ಗೊತ್ತು. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಅಡಿಕೆಗೆ ಬರುವ ಶಿಲೀಂಧ್ರದಂಥ ರೋಗಾಣುವನ್ನು ಕೊಲ್ಲುವ ಇದೇ ಪುಡಿಯನ್ನು ನೀರಿನ ತೊಟ್ಟಿಗಳಲ್ಲಿ ಪಾಚಿ ಸಾಯಿಸಲೂ ಬಳಸುತ್ತಾರೆ. ನಮ್ಮ ಉಂಡೆಯೂ ಪಾಚಿಯೇ ಅಲ್ವಾ? ಅದರ ಮೇಲೆ ಗಡಸುತನ ಕಡಿಮೆ ಇರುವ ನೀರಿನಲ್ಲಿ ತಾಮ್ರದ ವಿಷ ಇನ್ನೂ ಜೋರು. ನಾನು ಹೆಮ್ಮೆಪಟ್ಟ ಬಾವಿ ನೀರು ಅಂಥದ್ದೇ. ತೊಳೆದ ಬಕೆಟ್ಟಿನಲ್ಲಿ ಉಳಿದ ಅಷ್ಟು ಚೂರೇ ಸಾಕಾಯಿತು.

ಒಂದು ಉಂಡೆ ಸತ್ತಿತು. ಎರಡು ಉಳಿದವು. ಅವು ಮೊದಲಿನ ಹಸಿರಿಗೆ ಬರಲು ಮುಂದಿನ ಫೆಬ್ರವರಿ ಆಯಿತು.

ಹಾಗಾಗಿ ಎಲ್ಲ ಉಂಡೆ ಒಟ್ಟಿಗೆ, ನೀರು ಬದಲಿಸಿದ ಕೆಲವೇ ದಿನದಲ್ಲಿ, ವಾಸನೆಯಿಲ್ಲದೆ ಬಣ್ಣ ಕಳೆದುಕೊಂಡರೆ ತಾಮ್ರವನ್ನು ನೆನೆಸಿಕೊಳ್ಳಿ. ಬಾಟಲಿಯಲ್ಲಿ ಬಸವನಹುಳ, ಸಿಗಡಿ ಇದ್ದರೆ ಅವು ಮೊದಲು ಹೋಗುತ್ತವೆ. ಔಷಧಿ ಕರಗಿಸಿದ ಬಕೆಟ್ಟು, ಡ್ರಮ್ಮು, ಮಗ್ಗು ಮಾತ್ರ ಅಲ್ಲ, ತಾಮ್ರದ ಹಂಡೆಯಲ್ಲಿ, ಚೊಂಬಿನಲ್ಲಿ ರಾತ್ರಿಯಿಡೀ ಇಟ್ಟ ನೀರೂ ಬೇಡ. ಮೀನಿಗೆ ಹಾಕುವ ಕೆಲವು ಮದ್ದುಗಳಲ್ಲೂ ತಾಮ್ರ ಇರುತ್ತದೆ. ಮೀನಿನ ತೊಟ್ಟಿಯಲ್ಲಿ ಉಂಡೆ ಇದ್ದರೆ ಮದ್ದು ಹಾಕುವ ಮೊದಲು ತೆಗೆದಿಡಿ. ಔಷಧಿ ಹೊಡೆದು ಬಂದ ಕೈಯನ್ನು ಸಾಬೂನಿನಿಂದ ತೊಳೆದ ಮೇಲೂ ಆ ದಿನ ಬಾಟಲಿಗೆ ಕೈ ಹಾಕದಿದ್ದರೆ ಒಳ್ಳೆಯದು.

ತಾಮ್ರ ತಾಗಿದ ಉಂಡೆಗೆ ಮಾಡಬೇಕಾದ್ದು ಒಂದೇ. ಬೇರೆ ಗಾಜಿನ ಪಾತ್ರೆ, ಬೇರೆ ಮಗ್ಗು, ಬೇರೆ ನೀರು. ಒಂದು ವಾರ ದಿನಾ ಹಿಸುಕಿ ನೀರು ಬದಲಿಸುವುದು. ಈಗ ನನ್ನ ಬಾಟಲಿಗೆಂದೇ ಒಂದು ಸ್ಟೀಲ್ ಚೊಂಬು ಇದೆ, ಅಡುಗೆಮನೆಯ ಗೂಟಕ್ಕೆ ನೇತು ಹಾಕಿದ್ದೇನೆ. ಅದನ್ನು ಬೇರೆ ಯಾವುದಕ್ಕೂ ಯಾರೂ ಮುಟ್ಟುವುದಿಲ್ಲ.

ಬಿಳಿ ಆದರೆ

ಒಂದು ಬದಿ ಮಾತ್ರ ಬಿಳುಪಾಗಿದೆಯೇ, ಎಲ್ಲ ಕಡೆಯೋ? ಕಿಟಕಿ ಕಡೆಯ ಬದಿ ಮಾತ್ರ ಆಗಿದ್ದರೆ ನೇರ ಬಿಸಿಲು ಕಾರಣ. ಬಾಟಲಿಯನ್ನು ಒಳಗೆ ಸರಿಸಿ, ಬಿಳುಪಾದ ಬದಿಯನ್ನು ಕೆಳಗೆ ಮಾಡಿ. ಎಲ್ಲ ಕಡೆ ಆಗಿದ್ದರೆ ಕ್ಲೋರಿನ್ ಇರಬಹುದು. ನಲ್ಲಿ ನೀರನ್ನು ಬಾಯಿ ತೆರೆದ ಪಾತ್ರೆಯಲ್ಲಿ ಒಂದು ದಿನ ಇಟ್ಟು ಬಳಸಿ. ಹಳ್ಳಿಗಳಲ್ಲಿ ಮಳೆಗಾಲದ ಶುರುವಿಗೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಕುಡಿಯುವವರ ಆರೋಗ್ಯಕ್ಕೆ ಅದು ಬೇಕು. ಹಾಕಿದ ವಾರ ಉಂಡೆಯ ನೀರು ಬದಲಿಸಬೇಡಿ, ಅಷ್ಟೇ. ಇಲ್ಲವೇ ಮಾಡಿನ ಮಳೆ ನೀರು ಹಿಡಿಯಿರಿ. ಶುರುವಿನ ಮಳೆಗೆ ಹಂಚಿನ ಕೊಳೆಯೆಲ್ಲ ತೊಳೆದು ಹೋದ ಮೇಲೆ ಹಿಡಿದ ನೀರು.

ತೇಲಿದರೆ

ಇದು ಹೆಚ್ಚಾಗಿ ದೋಷವೇ ಅಲ್ಲ. ಬೆಳಕು ಬಿದ್ದಾಗ ಉಂಡೆ ಆಮ್ಲಜನಕ ಬಿಡುತ್ತದೆ. ಗುಳ್ಳೆ ನೂಲಿನಲ್ಲಿ ಸಿಕ್ಕಿಕೊಂಡು ಉಂಡೆಯನ್ನು ಮೇಲೆತ್ತುತ್ತದೆ. ಸಂಜೆಗೆ ಗುಳ್ಳೆ ಕರಗಿ ಕೆಳಗಿಳಿಯುತ್ತದೆ. 2018ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿದರು. ಗುಳ್ಳೆ ಆಗದಂತೆ ಮಾಡಿದಾಗ ಉಂಡೆ ತೇಲಲಿಲ್ಲ. ಇದರ ಹಿಂದೆ ಉಂಡೆಯ ಒಳಗಿನ ಹಗಲು ರಾತ್ರಿಯ ಲೆಕ್ಕವೂ ಇದೆ ಅಂತ ಅವರು ತೋರಿಸಿದರು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಅದು ಮೆಲ್ಲಗೆ ಮೇಲೇಳುವುದನ್ನು ನೋಡುವ ಸುಖವೇ ಬೇರೆ.

ಹೊಸದಾಗಿ ತಂದದ್ದು ತೇಲಿದರೆ ಒಳಗೆ ಗಾಳಿ ಇರುತ್ತದೆ, ನೀರಿನೊಳಗೆ ಹಿಸುಕಿದರೆ ಮುಳುಗುತ್ತದೆ. ರಾತ್ರಿಯೂ ತೇಲುತ್ತಲೇ ಇದ್ದು, ವಾಸನೆಯೂ ಬಂದರೆ ಮಾತ್ರ ಚಿಂತೆ. ಅದು ಕೊಳೆತದ್ದರ ಗಾಳಿ.

ಕೊಳೆತ ವಾಸನೆ, ಒಳಗೆ ಕಪ್ಪು

ದೊಡ್ಡ ಉಂಡೆಯ ನಡುವಿಗೆ ಬೆಳಕು ತಲುಪುವುದಿಲ್ಲ. ತಿಂಗಳುಗಟ್ಟಲೆ ಹಿಸುಕದೆ, ಹೊರಳಿಸದೆ ಬಿಟ್ಟರೆ ಅಲ್ಲಿ ಕೊಳೆ ಕೂತು ಕೊಳೆಯಲು ಶುರುವಾಗುತ್ತದೆ. ಇದಕ್ಕೆ ಧೈರ್ಯ ಬೇಕು. ಉಂಡೆಯನ್ನು ನೀರಿನಲ್ಲೇ ಎರಡಾಗಿ ಬಿಡಿಸಿ. ಕಪ್ಪಾದದ್ದು, ಲೋಳೆಯಾದದ್ದು ಎಲ್ಲ ಕತ್ತರಿಯಿಂದ ಕತ್ತರಿಸಿ ತೆಗೆಯಿರಿ. ಹಸಿರು ನೂಲು ಒಂದು ಹಿಡಿ ಉಳಿದರೂ ಸಾಕು, ಪ್ರತಿ ನೂಲಿಗೂ ತನ್ನದೇ ಜೀವ ಇದೆ. ಅದನ್ನು ಅಂಗೈಯಲ್ಲಿ ಎಳ್ಳುಂಡೆ ಕಟ್ಟುವ ಹಾಗೆ ದುಂಡಗೆ ಮಾಡಿ, ಹತ್ತಿ ದಾರ ಸಡಿಲವಾಗಿ ಸುತ್ತಿ. ಹೂ ಕಟ್ಟುವ ಬಾಳೆನಾರು ಬೇಡ. ನಾನು ಸುತ್ತಿ ನೋಡಿದ್ದೇನೆ, ನಾರೇ ಮೊದಲು ಕೊಳೆತು ನೀರು ನಾರುತ್ತದೆ. ದಿನ ಬಿಟ್ಟು ದಿನ ಎರಡು ವಾರ ನೀರು ಬದಲಿಸಿ.

ಉಪ್ಪು ಹಾಕಿದರೆ ಸರಿಯಾಗುತ್ತದೆ ಅಂತ ಹಲವರು ಹೇಳುತ್ತಾರೆ. ಮಾರಿಮೊ ತುಸು ಉಪ್ಪಿನ ನೀರು ತಾಳಿಕೊಳ್ಳುತ್ತದೆ, ಅದು ನಿಜ. ಆದರೆ ಕಾರಣ ಸೆಕೆಯೋ ತಾಮ್ರವೋ ಆಗಿದ್ದರೆ ಉಪ್ಪು ಏನು ಮಾಡೀತು? ನಾನು ಹಾಕುವುದಿಲ್ಲ. ಗೊಬ್ಬರವೂ ಹಾಕುವುದಿಲ್ಲ. ಗೊಬ್ಬರ ಹಾಕಿದರೆ ಉಂಡೆಗಿಂತ ಮೊದಲು ಬೇರೆ ಪಾಚಿ ಬೆಳೆಯುತ್ತದೆ. ಉಂಡೆಯ ಮೇಲೆ ತಿಳಿ ಹಸಿರು ಉದ್ದ ಕೂದಲು ಎದ್ದಿದ್ದರೆ ಅದು ಇನ್ನೊಂದು ಪಾಚಿಯೇ. ಬೆರಳಿನಿಂದ ಹೆಕ್ಕಿ ತೆಗೆಯಿರಿ, ಬೆಳಕು ಕಡಿಮೆ ಮಾಡಿ.

ಚಪ್ಪಟೆಯಾದರೆ ಹೊರಳಿಸುವುದು ಮರೆತಿದ್ದೀರಿ ಅಂತ ಅರ್ಥ. ವಾರಕ್ಕೊಮ್ಮೆ ಬಾಟಲಿಯನ್ನು ಮೆಲ್ಲಗೆ ಸುತ್ತು ತಿರುಗಿಸಿ.

ಎಷ್ಟು ಮಾಡಿದರೂ ಬದಲಾಗದ ಉಂಡೆ

ಆರು ತಿಂಗಳಾದರೂ ಹೊಳೆಯುವ ಒಂದೇ ಹಸಿರು, ಹಿಸುಕಿದರೆ ನಡುವೆ ಗಟ್ಟಿ. ಹಾಗಿದ್ದರೆ ಅದು ಮಾರಿಮೊ ಅಲ್ಲದಿರಬಹುದು. ಪ್ಲಾಸ್ಟಿಕ್ ಅಥವಾ ಸ್ಪಂಜಿನ ಚೆಂಡಿಗೆ ಬೇರೆ ಪಾಚಿ ಸುತ್ತಿ ಮಾರುವುದುಂಟು. ಒಂದು ಎಳೆ ಕಿತ್ತು ಬೆಳಕಿಗೆ ಹಿಡಿಯಿರಿ. ಪುಟ್ಟ ಪುಟ್ಟ ಎಲೆ ಕಂಡರೆ ಅದು ಹಾಸುಪಾಚಿ. ಮಾರಿಮೊ ಎಳೆಗೆ ಕವಲು ಇರುತ್ತದೆ, ಎಲೆ ಇರುವುದಿಲ್ಲ.

ಸೊಳ್ಳೆ

ಉಂಡೆಯ ದೋಷ ಅಲ್ಲ, ಆದರೆ ಬಿಡುವಂತಿಲ್ಲ. ಮನೆಯೊಳಗೆ ತೆರೆದ ಬಾಟಲಿಯಲ್ಲಿ ನಿಂತ ನೀರು ಡೆಂಗಿ ಸೊಳ್ಳೆಗೆ ಹೇಳಿ ಮಾಡಿಸಿದ ಜಾಗ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಬಾಯಿಗೆ ತೆಳು ಬಟ್ಟೆ ಬಿಗಿಯಾಗಿ ಕಟ್ಟಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ತಪ್ಪದೆ ನೀರು ಬದಲಿಸಿ, ಗಾಜಿನ ಒಳಬದಿಯನ್ನು ಉಜ್ಜಿ ತೊಳೆಯಿರಿ. ಮೊಟ್ಟೆ ಗಾಜಿಗೇ ಅಂಟಿಕೊಂಡಿರುತ್ತದೆ.

ಸತ್ತ ಉಂಡೆ, ಹಳೆಯ ನೀರು

ಎರಡನ್ನೂ ಹಳ್ಳಕ್ಕೆ, ಕೆರೆಗೆ, ತುಂಗೆಗೆ ಹಾಕಬೇಡಿ. 2021ರ ಮಾರ್ಚ್‌ನಲ್ಲಿ ಅಮೆರಿಕದ ಅಂಗಡಿಗಳಲ್ಲಿ ಮಾರುತ್ತಿದ್ದ ಮಾರಿಮೊ ಉಂಡೆಗಳಲ್ಲಿ ಜೀಬ್ರಾ ಮಸೆಲ್ ಅನ್ನುವ ಸಣ್ಣ ಚಿಪ್ಪಿನ ಜೀವಿ ಸಿಕ್ಕಿತು. ಅದು ಒಂದು ಸರೋವರಕ್ಕೆ ಸೇರಿದರೆ ಕೊಳವೆಗಳನ್ನೇ ಮುಚ್ಚುವಷ್ಟು ಹಬ್ಬುತ್ತದೆ. ಹೊರಗಿನಿಂದ ಬಂದ ಗಿಡ ನಮ್ಮ ಕೆರೆಗಳನ್ನು ಹೇಗೆ ಮುಚ್ಚಿದೆ ಅಂತ ನಾವೇ ಕಂಡಿದ್ದೇವೆ. ಶೃಂಗೇರಿಯ ಮೆಟ್ಟಿಲ ಹತ್ತಿರ ಮೀನಿಗೆ ಮಂಡಕ್ಕಿ ಹಾಕಿದ ಕೈ, ಅದೇ ಹೊಳೆಗೆ ಇದನ್ನು ಸುರಿಯಬಾರದು.

ಹೊಸ ಉಂಡೆ ತಂದಾಗಲೂ ಬಿಳಿ ಬಟ್ಟಲಿನಲ್ಲಿ ಹಿಸುಕಿ, ಪಟ್ಟೆ ಪಟ್ಟೆಯ ಉಗುರಿನಷ್ಟು ಚಿಪ್ಪು ಇದೆಯೇ ಅಂತ ನೋಡಿ. ಸತ್ತ ಉಂಡೆಯನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಮುಳುಗಿಸಿ, ಇಲ್ಲವೇ ಫ್ರೀಜರಿನಲ್ಲಿ 24 ಗಂಟೆ ಇಟ್ಟು, ಆಮೇಲೆ ಕಸಕ್ಕೆ ಹಾಕಿ. ಹಳೆಯ ನೀರನ್ನು ಗಿಡದ ಬುಡಕ್ಕೆ ಸುರಿಯಿರಿ. ನಮ್ಮಲ್ಲಿ ಅದು ಹಿತ್ತಲಿನ ದಾಸವಾಳಕ್ಕೆ ಹೋಗುತ್ತದೆ.